ಮಾಡು ಸೋರಿದರೆ ಯಾರಿಗೆ ಹೇಳುವುದು?

(ಕಡಲತೀರದ ಎತ್ತರದ ಮನೆಗಳನ್ನು ತೂಗಿ ನೋಡುವ ಬಗ್ಗೆ ನಮ್ಮ ತಿಂಗಳ ಕೂಟದಲ್ಲಿ ಆಡಿದ ಮಾತುಗಳು)



ವಾರವೆಲ್ಲ ಎಲೆ ಕೊಯ್ದು ದಣಿದಿದ್ದೀರಿ. ಸಿಗುವ ಒಂದು ರಜೆಯ ದಿನದಲ್ಲಿ ಬಟ್ಟೆ ಒಗೆಯುವುದನ್ನೂ ಸೌದೆ ತರುವುದನ್ನೂ ಬಿಟ್ಟು ಈ ಕೂಟಕ್ಕೆ ಬಂದಿದ್ದೀರಿ. ಆದಕಾರಣ ಸುತ್ತಿ ಬಳಸಿ ಮಾತಾಡುವುದಿಲ್ಲ. ಈ ತಿಂಗಳು ಬೋನಸ್ಸಿನ ಮಾತಿಲ್ಲ, ಕೂಲಿಯ ಮಾತೂ ಇಲ್ಲ. ಸಮುದ್ರದ ದಡದಲ್ಲಿ ಹೊಸದಾಗಿ ಏಳುತ್ತಿರುವ ಹತ್ತಿಪ್ಪತ್ತು ಮಾಳಿಗೆಯ ಮನೆಗಳ ಮಾತು ಆಡಬೇಕೆಂದಿದ್ದೇನೆ. ಬೆಟ್ಟದ ಮೇಲೆ ಲೈನು ಮನೆಯಲ್ಲಿರುವ ನಮಗೆ ಸಮುದ್ರದ ದಡದ ಗೊಡವೆ ಯಾಕೆ ಎಂದು ನೀವು ಕೇಳಬಹುದು. ಕಾರಣ ಉಂಟು.

ಕಳೆದ ತಿಂಗಳು ನಮ್ಮ ಕೂಟದ ಒಬ್ಬ ಅಣ್ಣ ಅತ್ತಿಗೆಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಅವರ ಒಪ್ಪಿಗೆ ಕೇಳಿಯೇ ಇದನ್ನು ಹೇಳುತ್ತಿದ್ದೇನೆ, ಹೆಸರು ಮಾತ್ರ ಹೇಳುವುದಿಲ್ಲ. ಅಣ್ಣ ಮೂವತ್ತಾರು ವರ್ಷ ತೋಟದಲ್ಲಿ ದುಡಿದು ರಿಟೈರಾದವರು. ಪಿ.ಎಫ್. ಹಣ, ಗ್ರಾಚ್ಯುಟಿ ಹಣ ಎರಡೂ ಕೈಗೆ ಬಂದಿದೆ. ಲೈನು ಮನೆ ಬಿಡಲು ಆರು ತಿಂಗಳ ಗಡುವು ಸಿಕ್ಕಿದೆ. ಅವರ ಕಿರಿಯ ಮಗ ಕರಾವಳಿಯ ಒಂದು ಪ್ರವಾಸಿ ಊರಿನಲ್ಲಿ ಹೋಟೆಲ್ ಕೆಲಸದಲ್ಲಿದ್ದಾನೆ. ಅವನು ಒಂದು ಬಣ್ಣದ ಪುಸ್ತಿಕೆ ಕಳಿಸಿದ್ದ. ಹದಿನೆಂಟು ಮಾಳಿಗೆಯ ಕಟ್ಟಡ, ಕೆಳಗೆ ಈಜುಕೊಳ, ಎದುರಿಗೆ ನೀಲಿ ಸಮುದ್ರ. ಕಟ್ಟಡ ಇನ್ನೂ ನೆಲದಿಂದ ಎದ್ದಿಲ್ಲ, ಇರುವುದು ಚಿತ್ರ ಮಾತ್ರ. ಈ ತಿಂಗಳ ಕೊನೆಯೊಳಗೆ ಎರಡು ಲಕ್ಷ ರೂಪಾಯಿ ನಗದು ಕೊಟ್ಟರೆ ಬೆಲೆಯಲ್ಲಿ ರಿಯಾಯಿತಿ ಎಂದು ಏಜೆಂಟರು ಹೇಳಿದ್ದಾರೆ. ಅಪ್ಪನ ಹಣದಲ್ಲಿ ಮುಂಗಡ, ಉಳಿದದ್ದಕ್ಕೆ ಮಗನ ಸಂಬಳದ ಮೇಲೆ ಬ್ಯಾಂಕ್ ಸಾಲ. ಸೀಸನ್ನಿನಲ್ಲಿ ಪ್ರವಾಸಿಗಳಿಗೆ ಬಾಡಿಗೆಗೆ ಕೊಟ್ಟರೆ ಸಾಲ ತಾನಾಗಿಯೇ ತೀರುತ್ತದೆ ಎಂಬ ಲೆಕ್ಕ.

ಅಣ್ಣ ಪುಸ್ತಿಕೆಯನ್ನು ಮೇಜಿನ ಮೇಲಿಟ್ಟು, "ಉಪದೇಶಿಗಳೇ, ನೀವು ನಾಲ್ಕಕ್ಷರ ಓದಿದವರು. ಕೊಡಬಹುದೋ ಕೊಡಬಾರದೋ ಹೇಳಿ" ಎಂದರು. ಅತ್ತಿಗೆ ಅಲ್ಲಿಯವರೆಗೆ ಸುಮ್ಮನಿದ್ದರು. ಆಮೇಲೆ ಒಂದೇ ಮಾತು ಕೇಳಿದರು: "ಅಲ್ಲಿ ಮಾಡು ಸೋರಿದರೆ ಯಾರಿಗೆ ಹೇಳುವುದು?"

ಅಣ್ಣ ನಕ್ಕರು. ಹದಿನಾಲ್ಕನೆಯ ಮಾಳಿಗೆಯಲ್ಲಿ ಮನೆ, ಮೇಲೆ ಇನ್ನೂ ನಾಲ್ಕು ಮಾಳಿಗೆ, ಸೋರುವುದೆಲ್ಲಿಂದ ಎಂದರು. ನನಗೆ ನಗು ಬರಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಪತ್ರಿಕೆಗಳನ್ನು ಓದಿದೆ, ಯೂನಿಯನ್ ಆಫೀಸಿಗೆ ಬರುವ ವಕೀಲರನ್ನು ಕೇಳಿದೆ. ನಾನು ಎಸ್ಸೆಸ್ಸೆಲ್ಸಿ ಓದಿದವನು, ಇಂಜಿನಿಯರನಲ್ಲ. ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತೇನೆ.

ಎಲೆ ತೂಗುವಾಗ ನಾವೇನು ನೋಡುತ್ತೇವೆ? ಬುಟ್ಟಿಯ ತೂಕ ಕಳೆಯುತ್ತಾರೆ, ಮಳೆಯ ದಿನವಾದರೆ ನೀರಿನ ತೂಕವೆಂದು ಇನ್ನಷ್ಟು ಕಳೆಯುತ್ತಾರೆ. ಹೆಚ್ಚು ಕಳೆದರೆ ನಾವು ಜಗಳಕ್ಕೆ ನಿಲ್ಲುತ್ತೇವೆ. ನಮ್ಮ ಎಲೆಗೆ ಇಷ್ಟು ಕಟ್ಟುನಿಟ್ಟಿನ ತೂಕವಿದ್ದರೆ, ನಮ್ಮ ಆಯುಷ್ಯದ ದುಡಿಮೆಯನ್ನು ಸುರಿಯುವ ಮನೆಗೆ ತೂಕ ಬೇಡವೇ? ಹಾಗೆ ತೂಗಿ ನೋಡೋಣ.

ಮೊದಲು ತಕ್ಕಡಿಯ ಒಳ್ಳೆಯ ತಟ್ಟೆ. ನ್ಯಾಯ ನ್ಯಾಯವೇ. ಸ್ವಂತ ಹೆಸರಿನ ಮನೆ ಎಂದರೆ ಸಣ್ಣ ಮಾತಲ್ಲ. ರಿಟೈರಾದ ದಿನ ಹೊರಗೆ ಹೋಗೆಂದು ಹೇಳುವವರು ಅಲ್ಲಿಲ್ಲ. ನಲ್ಲಿಯಲ್ಲಿ ನೀರು, ಹತ್ತಲು ಲಿಫ್ಟು, ಗೇಟಿನಲ್ಲಿ ಕಾವಲು. ಆನೆ ಬಂದು ಬಾಗಿಲು ತಳ್ಳುವ ಭಯವಿಲ್ಲ. ಕಡಿಮೆ ನೆಲದಲ್ಲಿ ಹೆಚ್ಚು ಮಂದಿಗೆ ಮನೆಯಾಗುತ್ತದೆ. ಕಟ್ಟುವಾಗ ಗಾರೆ ಕೆಲಸ, ಕಬ್ಬಿಣದ ಕೆಲಸ, ಕಟ್ಟಿದ ಮೇಲೆ ಹೋಟೆಲ್ ಕೆಲಸ ಎಂದು ನಮ್ಮ ಹುಡುಗರಿಗೂ ಹೊಟ್ಟೆಪಾಡು ಸಿಗುತ್ತದೆ. ಇದನ್ನು ಮರೆಮಾಚಿ ಮಾತಾಡಿದರೆ ಅದು ಕಳ್ಳ ತೂಕ.

ಇನ್ನೊಂದು ತಟ್ಟೆಗೆ ಏನು ಹಾಕಬೇಕೆಂದು ತಿಳಿಯಲು, ಇಂಥ ಮನೆಗಳು ಬಹಳ ಕಾಲದಿಂದ ಇರುವ ಒಂದು ಊರನ್ನು ನೋಡುವುದು ಒಳ್ಳೆಯದು. ಅಮೇರಿಕ ದೇಶದ ಫ್ಲೋರಿಡಾ ರಾಜ್ಯದಲ್ಲಿ ಮಯಾಮಿ ಬೀಚ್ ಎಂಬ ಊರಿದೆ. ಅದರ ಉತ್ತರಕ್ಕೆ ದಡವನ್ನು ಹಿಡಿದೇ ಸರ್ಫ್‌ಸೈಡ್, ಇನ್ನೂ ಮುಂದೆ ಸನ್ನಿ ಐಲ್ಸ್ ಬೀಚ್. ಒಂದು ಕಡೆ ಅಟ್ಲಾಂಟಿಕ್ ಸಮುದ್ರ, ಇನ್ನೊಂದು ಕಡೆ ಕೊಲ್ಲಿಯ ನೀರು, ನಡುವೆ ನಾಡದ ಹಾಗೆ ಉದ್ದಕ್ಕೆ ಚಾಚಿದ ಮರಳಿನ ನೆಲ. ಅದರ ಮೇಲೆ ಸಾಲಾಗಿ ಗೋಪುರದಂಥ ಮನೆಗಳು. ಸನ್ನಿ ಐಲ್ಸ್‌ನಲ್ಲಿ 2017ರಲ್ಲಿ ತೆರೆದ 60 ಮಾಳಿಗೆಯ ಒಂದು ಕಟ್ಟಡದಲ್ಲಿ ಮನೆಯ ಯಜಮಾನನ ಜೊತೆಗೆ ಅವನ ಕಾರನ್ನೂ ಲಿಫ್ಟಿನಲ್ಲಿ ಮೇಲಕ್ಕೊಯ್ದು ಮನೆಯ ಬದಿಯಲ್ಲೇ ನಿಲ್ಲಿಸುತ್ತಾರೆ. ಇಲ್ಲಿ ನಾವು ಗ್ಯಾಸ್ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಲೈನಿಗೆ ಹತ್ತುತ್ತೇವೆ!

ಆ ನೆಲದ ಕಥೆ ಕೇಳಿ. 1880ರ ದಶಕದಲ್ಲಿ ಅಲ್ಲಿ ಕೆಲವರು ತೆಂಗಿನ ತೋಟ ಮಾಡಲು ನೋಡಿದರು, ತೋಟ ಗೆಲ್ಲಲಿಲ್ಲ. ಆಗ ಅಲ್ಲಿದ್ದದ್ದು ಮರಳದಿಣ್ಣೆ, ಜವುಗು, ಕಾಂಡ್ಲಾ ಕಾಡು. 1913ರಲ್ಲಿ ಕೊಲ್ಲಿಗೆ ಅಡ್ಡಲಾಗಿ ಮರದ ಸೇತುವೆ ಬಂತು. ಕಾರ್ಲ್ ಫಿಶರ್ ಎಂಬ ಹಣವಂತ ಕಾಂಡ್ಲಾ ಕಡಿಸಿ, ಕೊಲ್ಲಿಯ ತಳದ ಮರಳನ್ನು ಎತ್ತಿಸಿ ಜವುಗಿಗೆ ತುಂಬಿಸಿದ. 1915ರಲ್ಲಿ ಅದು ಊರೆಂದು ದಾಖಲಾಯಿತು. ಸೊಂಟದ ನೀರಿನಲ್ಲಿ ನಿಂತು ಆ ಕಾಡು ಕಡಿದವರು ಬಹುಮಟ್ಟಿಗೆ ಕಪ್ಪು ಜನಾಂಗದ ಕೂಲಿಗಳು. ಊರು ಎದ್ದ ಮೇಲೆ ಅದೇ ದಡದಲ್ಲಿ ಸ್ನಾನ ಮಾಡುವ ಹಕ್ಕು ಅವರಿಗಿರಲಿಲ್ಲ. 1945ರ ಮೇ ತಿಂಗಳಲ್ಲಿ ಸರ್ಫ್‌ಸೈಡಿಗೆ ಹತ್ತಿರದ ಹಾಲೋವರ್ ಎಂಬಲ್ಲಿ ಕೆಲವು ಕಪ್ಪು ಜನರು ಬಂಧನಕ್ಕೆ ಸಿದ್ಧರಾಗಿಯೇ ಸಮುದ್ರಕ್ಕಿಳಿದರು. ಆ ವರ್ಷ ಆಗಸ್ಟಿನಲ್ಲಿ ವರ್ಜೀನಿಯಾ ಕೀ ಎಂಬ ಬೇರೆ ದಡವನ್ನು ಅವರಿಗೆಂದು ತೆರೆದುಕೊಟ್ಟರು. ಆಗ ದೋಣಿಯಲ್ಲಿ ಹೋಗಬೇಕಾಗಿದ್ದ ಜಾಗ ಅದು. ಮನೆ ಕಟ್ಟಿದವನಿಗೆ ಅಂಗಳವಿಲ್ಲವೆಂಬ ಮಾತು ನಮಗೆ ಹೊಸದಲ್ಲ.

ಈಗ ಅತ್ತಿಗೆಯ ಪ್ರಶ್ನೆಗೆ ಬರೋಣ. ಸರ್ಫ್‌ಸೈಡಿನಲ್ಲಿ 1981ರಲ್ಲಿ ಕಟ್ಟಿ ಮುಗಿಸಿದ 12 ಮಾಳಿಗೆಯ ಒಂದು ಕಟ್ಟಡವಿತ್ತು. ಚಾಂಪ್ಲೇನ್ ಟವರ್ಸ್ ಸೌತ್ ಎಂದು ಅದರ ಹೆಸರು, ಒಳಗೆ 136 ಮನೆಗಳು. ಅಲ್ಲಿ ಇಂಥ ಮನೆಗೆ ಕಾಂಡೋ ಎನ್ನುತ್ತಾರೆ, ನಾವು ಫ್ಲಾಟು ಎನ್ನುತ್ತೇವೆ. ನಾಲ್ಕು ಗೋಡೆಯ ಒಳಗಿನದು ನಿಮ್ಮದು. ಕಂಬ, ತೊಲೆ, ಮಾಡು, ಲಿಫ್ಟು, ಮೆಟ್ಟಿಲು, ನೆಲ ಇವೆಲ್ಲ ಎಲ್ಲರಿಗೂ ಸೇರಿದ್ದು. ಅದನ್ನು ನೋಡಿಕೊಳ್ಳಲು ಮನೆಯವರೇ ಒಂದು ಸಂಘ ಮಾಡಿಕೊಂಡು ತಿಂಗಳು ತಿಂಗಳು ಹಣ ಹಾಕಬೇಕು.

ಆ ಕಟ್ಟಡದ ನೆಲಮಟ್ಟದಲ್ಲಿ ಈಜುಕೊಳವಿತ್ತು, ಅದರ ಸುತ್ತಲಿನ ಕಟ್ಟೆಯ ಅಡಿಯಲ್ಲಿ ಕಾರು ನಿಲ್ಲಿಸುವ ಜಾಗ. 2018ರಲ್ಲಿ ಒಬ್ಬ ಇಂಜಿನಿಯರು ಪರೀಕ್ಷೆ ಮಾಡಿ ವರದಿ ಕೊಟ್ಟರು. ಕಟ್ಟೆಗೆ ಇಳಿಜಾರಿಲ್ಲ, ನೀರು ಹರಿದುಹೋಗದೆ ನಿಲ್ಲುತ್ತದೆ, ನೀರು ತಡೆಯುವ ಪದರ ಕೆಟ್ಟಿದೆ, ಕೆಳಗಿನ ಕಾಂಕ್ರೀಟಿಗೆ ದೊಡ್ಡ ಹಾನಿಯಾಗಿದೆ ಎಂದು ಬರೆದರು. ನೀರು ಕಾಂಕ್ರೀಟಿಗೆ ಏನು ಮಾಡುತ್ತದೆ ಎನ್ನುತ್ತೀರೋ? ಕಾಂಕ್ರೀಟಿನ ಒಳಗೆ ಕಬ್ಬಿಣದ ಸರಳುಗಳಿವೆ, ಮೈಯೊಳಗೆ ಮೂಳೆ ಇದ್ದ ಹಾಗೆ. ಉಪ್ಪು ಗಾಳಿ, ಉಪ್ಪು ನೀರು ಒಳಗೆ ಇಳಿದರೆ ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಉಬ್ಬಿದಾಗ ಕಾಂಕ್ರೀಟು ಸೀಳುತ್ತದೆ, ಸೀಳಿದಲ್ಲಿ ಇನ್ನಷ್ಟು ನೀರು ಇಳಿಯುತ್ತದೆ. ನಮ್ಮ ಲೈನಿನ ತಗಡು ತೂತಾಗುವುದು ಕಣ್ಣಿಗೆ ಕಾಣುತ್ತದೆ. ಅಲ್ಲಿ ಹೊರಗೆ ಬಣ್ಣ ಹೊಸದಾಗಿರುತ್ತದೆ, ಒಳಗೆ ಮೂಳೆ ಕರಗುತ್ತಿರುತ್ತದೆ.

ರಿಪೇರಿಗೆ 90 ಲಕ್ಷ ಡಾಲರಿಗೂ ಮೇಲೆ ಬೇಕಾಗುತ್ತದೆ ಎಂದು 2018ರಲ್ಲಿ ಅಂದಾಜಾಗಿತ್ತು. ಸಂಘದ ಕೈಯಲ್ಲಿ ಅಷ್ಟು ಹಣವಿರಲಿಲ್ಲ. ವಾದ ನಡೆಯಿತು, 2019ರಲ್ಲಿ ಸಂಘದ ಪದಾಧಿಕಾರಿಗಳಲ್ಲಿ ಹೆಚ್ಚಿನವರು ರಾಜೀನಾಮೆ ಕೊಟ್ಟರು. 2021ಕ್ಕೆ ಖರ್ಚು ಸುಮಾರು ಒಂದೂವರೆ ಕೋಟಿ ಡಾಲರಿಗೆ ಏರಿತು. ಸಣ್ಣ ಮನೆಯವರ ಪಾಲಿಗೂ 80,000 ಡಾಲರಿಗಿಂತ ಹೆಚ್ಚು ಬಂತು. ಕೊನೆಗೂ ಒಪ್ಪಿದರು. ಹಣ ಕಟ್ಟಲು ಗೊತ್ತುಮಾಡಿದ ದಿನ 2021ರ ಜುಲೈ 1. ಆದರೆ ಜೂನ್ 24ರಂದು, ಮಧ್ಯರಾತ್ರಿ ಕಳೆದು ಒಂದೂಕಾಲು ಗಂಟೆಯ ಸುಮಾರಿಗೆ, ಜನ ನಿದ್ದೆಯಲ್ಲಿರುವಾಗ ಆ ಕಟ್ಟಡದ ದೊಡ್ಡ ಭಾಗ ಕುಸಿದುಬಿತ್ತು. 98 ಮಂದಿ ಸತ್ತರು. ಮುದುಕರು, ಮಕ್ಕಳು, ಬೇರೆ ದೇಶದಿಂದ ಬಂದ ನೆಂಟರು, ಅವರ ಕೂಡ ಮಕ್ಕಳನ್ನು ನೋಡಿಕೊಳ್ಳಲು ಬಂದಿದ್ದ ಕೆಲಸದ ಹೆಣ್ಣುಮಗಳು.

ಎಲ್ಲ ತಪ್ಪನ್ನೂ ಆ ಮನೆಯವರ ಮೇಲೆ ಹೊರಿಸುವುದು ಅನ್ಯಾಯ. ಸರಕಾರದ ತಜ್ಞರ ತನಿಖೆಯಲ್ಲಿ, ಮೊದಲು ಸೋತದ್ದು ಈಜುಕೊಳದ ಸುತ್ತಲಿನ ಕಟ್ಟೆ ಎಂದೂ, ಮೂಲ ನಕ್ಷೆಯಲ್ಲಿಯೇ ಅದಕ್ಕೆ ಬೇಕಾದಷ್ಟು ಬಲ ಇರಲಿಲ್ಲವೆಂದೂ ಕಂಡುಬಂದಿದೆ. ಅಂದರೆ 1981ರಲ್ಲಿ ಕಟ್ಟಿದವರ ತಪ್ಪಿಗೆ 2021ರಲ್ಲಿ ಮಲಗಿದ್ದವರು ಪ್ರಾಣ ಕೊಟ್ಟರು. ಸಿಲೋವದ ಗೋಪುರ ಬಿದ್ದು ಹದಿನೆಂಟು ಮಂದಿ ಸತ್ತ ಸಂಗತಿ ಲೂಕನ ಸುವಾರ್ತೆಯಲ್ಲಿದೆ. ಸತ್ತವರು ಉಳಿದವರಿಗಿಂತ ಪಾಪಿಗಳೆಂದು ಎಣಿಸಬೇಡಿರೆಂದು ಯೇಸುಸ್ವಾಮಿ ಅಲ್ಲಿ ಎಚ್ಚರಿಸುತ್ತಾರೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್ಮಲೆಗಳಲ್ಲಿ ಗುಡ್ಡ ಜಾರಿ ಬಂದು ನಮ್ಮಂಥ ತೋಟದ ಕುಟುಂಬಗಳು ಮಲಗಿದ್ದಲ್ಲೇ ಹೋದದ್ದನ್ನು ಬಲ್ಲ ನಾವು ಸತ್ತವರ ಕಡೆಗೆ ಬೆರಳು ತೋರಿಸಲಾರೆವು. ಬದುಕಿರುವವರು ಕಲಿಯಬೇಕಾದ್ದೇನು ಎಂಬುದಷ್ಟೇ ನಮ್ಮ ಮುಂದಿನ ಪ್ರಶ್ನೆ.

ಕಲಿಯುವ ಮೊದಲು ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಹಳೆಯ ತೋಟದಲ್ಲಿ ನಾನು ಪ್ರಾರ್ಥನಾಲಯದ ಖಜಾಂಚಿಯಾಗಿದ್ದೆ. ವೇದಿಯ ಹಿಂದಿನ ಗೋಡೆಯಲ್ಲಿ ಅಂಗೈಯಷ್ಟು ತೇವ ಕಾಣಿಸಿತು. ಮಾಡು ಬಿಚ್ಚಿ ಸರಿಮಾಡಲು ಆಚಾರಿ ಹದಿನಾಲ್ಕು ಸಾವಿರ ಹೇಳಿದ. ಮನೆಗೆ ಇನ್ನೂರು ರೂಪಾಯಿ ಹಾಕೋಣವೆಂದು ನಾನು ಎದ್ದು ಹೇಳಿದಾಗ ಸಭೆಯಲ್ಲಿ ಗಲಾಟೆಯಾಯಿತು. ಒಬ್ಬರು ಲೆಕ್ಕ ಕೇಳಿದರು, ಒಬ್ಬರು ಬೇರೆ ಆಚಾರಿ ಬರಲಿ ಎಂದರು, ಒಬ್ಬರು ಮುಂದಿನ ಬೋನಸ್ಸಿಗೆ ನೋಡೋಣ ಎಂದರು. ನನಗೂ ಬೇಸರವಾಗಿ ಸುಮ್ಮನಾದೆ. ಎರಡು ಮಳೆಗಾಲ ಕಳೆಯಿತು. ಮೂರನೆಯ ಮಳೆಗಾಲದ ಒಂದು ಶನಿವಾರ ರಾತ್ರಿ ತೊಲೆ ಮುರಿದು ಮಾಡಿನ ಒಂದು ಭಾಗ ಬಿತ್ತು, ಮಕ್ಕಳು ಕುಳಿತುಕೊಳ್ಳುವ ಜಾಗದ ಮೇಲೆಯೇ. ಹನ್ನೆರಡು ಗಂಟೆ ತಡವಾಗಿ ಬಿದ್ದಿದ್ದರೆ ಎಂದು ಈಗಲೂ ನೆನೆಸಿಕೊಂಡು ಬೆವರುತ್ತೇನೆ. ಹದಿನಾಲ್ಕು ಸಾವಿರದ ಕೆಲಸಕ್ಕೆ ಐವತ್ತೈದು ಸಾವಿರ ಆಯಿತು. ಸರ್ಫ್‌ಸೈಡಿನ ಹಣವಂತರಿಗೂ ನಮಗೂ ಡಾಲರು ರೂಪಾಯಿಯ ಅಂತರ ಇರಬಹುದು. ಮುಂದೆ ನೋಡೋಣವೆಂಬ ಮಾತು ಎರಡು ಕಡೆಯೂ ಒಂದೇ.

ಹಾಗಾದರೆ ಮಾಡು ಸೋರಿದರೆ ಯಾರಿಗೆ ಹೇಳುವುದು? ಲೈನು ಮನೆಗೆ 1951ರ ತೋಟ ಕಾರ್ಮಿಕರ ಕಾನೂನು ಒಂದು ಉತ್ತರ ಕೊಟ್ಟಿತ್ತು. ಕೆಲಸಗಾರನಿಗೆ ಮನೆ ಕೊಟ್ಟು ಅದನ್ನು ಸರಿಯಾಗಿಡುವ ಹೊಣೆ ಮಾಲೀಕನದು ಎಂದಿತು. ಮಾಲೀಕ ಮಾಡದಿದ್ದರೆ ಅರ್ಜಿ ಹಾಕಿದೆವು, ಗೇಟಿನ ಮುಂದೆ ಕುಳಿತೆವು. ಫ್ಲಾಟಿನಲ್ಲಿ ಯಾರ ಗೇಟಿನ ಮುಂದೆ ಕೂರುವುದು? ಅಲ್ಲಿ ನಾವೇ ಮ್ಯಾನೇಜ್‌ಮೆಂಟು. ಅರ್ಜಿ ಕೊಡುವವರೂ ನಾವು, ಅರ್ಜಿ ತೆಗೆದುಕೊಳ್ಳುವವರೂ ನಾವು, ದುಡ್ಡು ಹಾಕಬೇಕಾದವರೂ ನಾವು. ಚಂದಾ ಕಟ್ಟದ ಯೂನಿಯನ್ ಹೇಗೆ ನಿಲ್ಲುವುದಿಲ್ಲವೋ ಹಾಗೆಯೇ ಚಂದಾ ಕಟ್ಟದ ಗೋಪುರವೂ ನಿಲ್ಲುವುದಿಲ್ಲ. ಇದೇ ಈ ಹೊತ್ತಿನ ನನ್ನ ಮುಖ್ಯ ಮಾತು. ಎತ್ತರದ ಮನೆಯನ್ನು ಒಬ್ಬೊಬ್ಬರೇ ಕೊಳ್ಳಬಹುದು, ಒಬ್ಬೊಬ್ಬರೇ ಉಳಿಸಿಕೊಳ್ಳಲಾಗುವುದಿಲ್ಲ. ಪ್ರವಾಸಿಗಳಿಗೆ ಬಾಡಿಗೆಗೆ ಕೊಡಲೆಂದು ಕೊಂಡು ಎಲ್ಲೋ ದೂರದಲ್ಲಿರುವ ಯಜಮಾನರೇ ಹೆಚ್ಚಾಗಿರುವ ಕಟ್ಟಡದಲ್ಲಿ, ತೇವದ ಗೋಡೆ ಯಾರ ಕಣ್ಣಿಗೆ ಬೀಳಬೇಕು?

ಆ ದುರಂತದ ಮೇಲೆ ಫ್ಲೋರಿಡಾದಲ್ಲಿ 2022ರಲ್ಲಿ ಹೊಸ ಕಾನೂನು ಬಂತು. ಮೂರು ಮಾಳಿಗೆ ಅಥವಾ ಹೆಚ್ಚಿನ ಕಾಂಡೋ ಕಟ್ಟಡಗಳಿಗೆ 30 ವರ್ಷ ತುಂಬುವಾಗ ಪರೀಕ್ಷೆ ಆಗಬೇಕು, ಆಮೇಲೆ ಹತ್ತು ಹತ್ತು ವರ್ಷಕ್ಕೊಮ್ಮೆ. ಮುಂದಿನ ದೊಡ್ಡ ರಿಪೇರಿಗೆಂದು ಹಣ ಕೂಡಿಡಲೇಬೇಕು, ಬೇಡವೆಂದು ಮತ ಹಾಕಿ ತಪ್ಪಿಸಿಕೊಳ್ಳುವ ಹಾಗಿಲ್ಲ ಎಂದು ಆಗ ಆ ಕಾನೂನು ವಿಧಿಸಿತು. ಕಾನೂನು ಒಳ್ಳೆಯದು. ಆದರೆ ಅದರ ಭಾರ ಯಾರ ಮೇಲೆ ಬಿತ್ತು? ಪೆನ್ಷನ್ ನಂಬಿ ಹಳೆಯ ಕಟ್ಟಡಗಳಲ್ಲಿದ್ದ ಮುದುಕರ ಮೇಲೆ. ವರ್ಷಾನುಗಟ್ಟಲೆ ಕಡಿಮೆ ಚಂದಾ ಕಟ್ಟಿದ್ದರ ಬಾಕಿ ಒಟ್ಟಿಗೆ ಬಂದು, ಅನೇಕರು ಮನೆ ಮಾರಲು ನಿಂತರು. ಆ ಕಟ್ಟಡ ಬಿದ್ದ ನೆಲವೂ 2022ರಲ್ಲಿ 12 ಕೋಟಿ ಡಾಲರಿಗೆ ಮಾರಾಟವಾಯಿತು, ಮತ್ತೊಂದು ಶ್ರೀಮಂತರ ಕಟ್ಟಡಕ್ಕೆಂದು.

ಹೊಸ ಕಟ್ಟಡಕ್ಕೆ ಈ ಭಯವಿಲ್ಲವಲ್ಲ ಎಂದು ಕೇಳುವಿರಿ. ಅರ್ಧ ನಿಜ. 1992ರ ಆಗಸ್ಟಿನಲ್ಲಿ ಆಂಡ್ರೂ ಎಂಬ ಚಂಡಮಾರುತ ಫ್ಲೋರಿಡಾದಲ್ಲಿ ಸಾವಿರಾರು ಮನೆ ಹಾರಿಸಿದ ಮೇಲೆ ಅಲ್ಲಿ ಕಟ್ಟಡದ ನಿಯಮ ಬಿಗಿಯಾಯಿತು. ಆದಕಾರಣ ಹೊಸ ಕಟ್ಟಡಗಳು ಗಾಳಿಗೆ ಹೆಚ್ಚು ಗಟ್ಟಿ. ಆದರೆ ನೆಲ ಹಳೆಯದೇ. ಮಯಾಮಿ ವಿಶ್ವವಿದ್ಯಾಲಯದವರು ಉಪಗ್ರಹದಿಂದ ಅಳೆದು 2024ರ ಕೊನೆಯಲ್ಲಿ ಒಂದು ವರದಿ ಹೊರಡಿಸಿದರು. ಮಯಾಮಿ ಬೀಚಿನಿಂದ ಸನ್ನಿ ಐಲ್ಸ್‌ವರೆಗಿನ ದಡದಲ್ಲಿ 35 ಕಟ್ಟಡಗಳು 2016ರಿಂದ 2023ರೊಳಗೆ 2ರಿಂದ 8 ಸೆಂಟಿಮೀಟರಿನಷ್ಟು ಕುಳಿತಿವೆ. ಅವುಗಳಲ್ಲಿ ಹೊಸವೂ ಬಹಳ. ಹೊಸ ಕಟ್ಟಡ ಸ್ವಲ್ಪ ಕುಳಿತುಕೊಳ್ಳುವುದು ಸಹಜವೇ. ಒಂದು ಮೂಲೆ ಹೆಚ್ಚು, ಒಂದು ಮೂಲೆ ಕಡಿಮೆ ಕುಳಿತರೆ ಕಷ್ಟ. ಅಲ್ಲಿ ಅಡಿಯಲ್ಲಿರುವುದು ತೂತು ತೂತಾದ ಸುಣ್ಣದ ಕಲ್ಲು. ಸಮುದ್ರ ಏರಿದಾಗ ನೀರು ಗೋಡೆ ದಾಟಿ ಬರಬೇಕೆಂದಿಲ್ಲ, ನೆಲದ ಅಡಿಯಿಂದಲೇ ಉಕ್ಕುತ್ತದೆ. ಮಳೆಯಿಲ್ಲದ ಬಿಸಿಲಿನ ದಿನವೂ ದೊಡ್ಡ ಉಬ್ಬರಕ್ಕೆ ಮಯಾಮಿ ಬೀಚಿನ ಬೀದಿಯಲ್ಲಿ ನೀರು ನಿಲ್ಲುವುದುಂಟು. ನಗರದವರು ಪಂಪುಗಳನ್ನಿಟ್ಟು ರಸ್ತೆಗಳನ್ನೇ ಎತ್ತರಿಸಬೇಕಾಯಿತು.

ಅಷ್ಟು ದೂರದ ಮಾತು ಸಾಕು. ಈಗ ನಮ್ಮ ಹತ್ತಿರದ ಎರಡು ಸಂಗತಿಗಳನ್ನು ಹೇಳಿ ತಕ್ಕಡಿಗೆ ಹಾಕುತ್ತೇನೆ. ಒಂದು ಕಾಗದಪತ್ರದ ವಿಷಯ, ಇನ್ನೊಂದು ಕಟ್ಟುವ ಕೈಗಳ ವಿಷಯ.

ಕೊಚ್ಚಿಯ ಬಳಿ ಮರಡು ಎಂಬಲ್ಲಿ ಹಿನ್ನೀರಿನ ದಡದಲ್ಲಿ ನಾಲ್ಕು ಫ್ಲಾಟು ಸಮುಚ್ಚಯಗಳಿದ್ದವು, ಒಟ್ಟು ಮುನ್ನೂರಕ್ಕೂ ಹೆಚ್ಚು ಮನೆ. ಪಂಚಾಯತಿಯ ಪರವಾನಗಿ 2006ರಲ್ಲಿ ಸಿಕ್ಕಿತ್ತು. ಕೊಂಡವರು ರಿಜಿಸ್ಟ್ರಿ ಮಾಡಿಸಿದ್ದರು, ತೆರಿಗೆ ಕಟ್ಟಿದ್ದರು. ಆದರೆ ಕರಾವಳಿ ನಿಯಂತ್ರಣ ವಲಯದ ನಿಯಮ ಮೀರಿ ಕಟ್ಟಿದ್ದೆಂದು 2019ರ ಮೇ 8ರಂದು ಸುಪ್ರೀಂ ಕೋರ್ಟು ಅವನ್ನು ತೆಗೆಯಲು ಆಜ್ಞೆ ಮಾಡಿತು. 2020ರ ಜನವರಿ 11 ಮತ್ತು 12ರಂದು ಸಿಡಿಮದ್ದು ಇಟ್ಟು ನಾಲ್ಕನ್ನೂ ಕೆಡವಿದರು. ಒಂದೊಂದು ಕಟ್ಟಡ ಬೀಳಲು ಕೆಲವೇ ಸೆಕೆಂಡು ಸಾಕಾಯಿತು. ತಾತ್ಕಾಲಿಕ ಪರಿಹಾರವೆಂದು ಮನೆಗೆ 25 ಲಕ್ಷ ರೂಪಾಯಿ ಕೊಡಲು ಕೋರ್ಟು ಹೇಳಿತು ನಿಜ, ಆದರೆ ಮನೆ ಹೋಯಿತು. ಪಂಚಾಯತಿಯ ಮೊಹರು ಇದ್ದರೆ ಸಾಕೆಂದು ನಂಬುವವರು ಮರಡನ್ನು ನೆನೆಯಬೇಕು.

ಇನ್ನು ಕಟ್ಟುವ ಕೈಗಳು. ಗೋವೆಯ ದಕ್ಷಿಣ ತುದಿಯಲ್ಲಿ ಕಾಣಕೋಣವಿದೆ, ಪಾಳೊಳೆಂ ಎಂಬ ಹೆಸರಾದ ಕಡಲತೀರ ಇರುವ ತಾಲೂಕು. 2014ರ ಜನವರಿ 4ರ ಮಧ್ಯಾಹ್ನ ಅಲ್ಲಿ ಇನ್ನೂ ಕಟ್ಟುತ್ತಿದ್ದ ಐದು ಮಾಳಿಗೆಯ ವಸತಿ ಕಟ್ಟಡ ಕುಸಿದು, ಒಳಗೆ ದುಡಿಯುತ್ತಿದ್ದ 30ಕ್ಕೂ ಹೆಚ್ಚು ಕೂಲಿಗಳು ಸತ್ತರು. ಹೊಟ್ಟೆಪಾಡಿಗೆಂದು ಬೇರೆ ಬೇರೆ ರಾಜ್ಯಗಳಿಂದ ಬಂದವರು. ಆ ಮನೆಯಲ್ಲಿ ಒಂದು ರಾತ್ರಿ ಸಹ ಯಾರೂ ಸುಖವಾಗಿ ಮಲಗಿರಲಿಲ್ಲ. ನಮ್ಮ ಲೈನುಗಳಿಂದಲೂ ಹುಡುಗರು ಕರಾವಳಿಯ ಕಟ್ಟಡ ಕೆಲಸಕ್ಕೆ ಹೋಗಿದ್ದಾರೆ. ಅವರ ತಾಯಂದಿರು ಇಲ್ಲೇ ಕುಳಿತಿದ್ದೀರಿ. ಮಗ ಫೋನು ಮಾಡಿದಾಗ ಊಟವಾಯಿತೇ ಎಂದು ಕೇಳುತ್ತೀರಿ. ಜೊತೆಗೆ, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದ್ದೀಯಾ, ತಲೆಗೆ ಹೆಲ್ಮೆಟು, ಸೊಂಟಕ್ಕೆ ಬೆಲ್ಟು ಕೊಟ್ಟಿದ್ದಾರೆಯೇ ಎಂದೂ ಕೇಳಿ. ಮನೆ ಕೊಳ್ಳುವವರೂ ಕೇಳಬೇಕು. ಕೂಲಿಯ ಜೀವಕ್ಕೆ ಬೆಲೆ ಕೊಡದ ಗುತ್ತಿಗೆದಾರ ಸಿಮೆಂಟಿನಲ್ಲಿ ನೇಮ ಪಾಲಿಸುತ್ತಾನೆಂದು ನಂಬುವುದು ಹೇಗೆ?

ಲೂಕನ ಅದೇ ಸುವಾರ್ತೆಯಲ್ಲಿ ಇನ್ನೊಂದು ಗೋಪುರದ ಮಾತಿದೆ, 14ನೆಯ ಅಧ್ಯಾಯದಲ್ಲಿ. ಲೆಕ್ಕ ಹಾಕದೆ ಕಟ್ಟಲು ಹೊರಟು, ಪಾಯದಲ್ಲೇ ನಿಲ್ಲಿಸಿ ಊರವರ ನಗೆಗೆ ಗುರಿಯಾದವನ ಮಾತು. ಬಡವನಿಗೆ ಅದು ನಗೆಯಷ್ಟಕ್ಕೇ ಮುಗಿಯುವುದಿಲ್ಲ, ಬೀದಿಗೆ ಬರುತ್ತಾನೆ. ಆದಕಾರಣ ಯಾರೇ ಆಗಲಿ ಮುಂಗಡ ಕೊಡುವ ಮೊದಲು ಕೇಳತಕ್ಕ ಪ್ರಶ್ನೆಗಳನ್ನು ಒಂದೊಂದಾಗಿ ಹೇಳುತ್ತೇನೆ. ಬರೆದುಕೊಳ್ಳುವವರು ಬರೆದುಕೊಳ್ಳಿ.

ಒಂದು, ನೋಂದಣಿ ಸಂಖ್ಯೆ. 2016ರ ರೇರಾ ಕಾನೂನಿನ ಪ್ರಕಾರ ಎಂಟಕ್ಕಿಂತ ಹೆಚ್ಚು ಫ್ಲಾಟಿನ ದೊಡ್ಡ ಯೋಜನೆ ರಾಜ್ಯದ ಪ್ರಾಧಿಕಾರದಲ್ಲಿ ನೋಂದಣಿಯಾಗದೆ ಜಾಹೀರಾತು ಕೊಡುವ ಹಾಗಿಲ್ಲ, ಬುಕಿಂಗ್ ತೆಗೆದುಕೊಳ್ಳುವ ಹಾಗೂ ಇಲ್ಲ. ಮಾರಾಟದ ಕರಾರು ಬರೆದು ರಿಜಿಸ್ಟ್ರಿ ಮಾಡದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ. ಕೊಂಡವರಿಂದ ಬಂದ ಹಣದಲ್ಲಿ ಶೇಕಡಾ 70ನ್ನು ಆ ಯೋಜನೆಯ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಡಬೇಕು. ಸ್ವಾಧೀನ ಕೊಟ್ಟ ಐದು ವರ್ಷದೊಳಗೆ ಕಟ್ಟಡದ ದೋಷ ಕಂಡರೆ ಕಟ್ಟಿದವನೇ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ನೋಂದಣಿಯಿಲ್ಲದೆ ನಗದು ಕೇಳುವವನು ಬಾಗಿಲಲ್ಲೇ ತನ್ನ ಗುಣ ತೋರಿಸಿಕೊಟ್ಟ ಹಾಗೆ.

ಎರಡು, ಅಳತೆ. ಪುಸ್ತಿಕೆಯಲ್ಲಿ ಬರೆದ ಚದರಡಿಯಲ್ಲಿ ಮೆಟ್ಟಿಲು, ಓಣಿ, ಲಿಫ್ಟಿನ ಜಾಗದ ಪಾಲೂ ಸೇರಿರಬಹುದು. ಬುಟ್ಟಿಯ ತೂಕ ಕಳೆಯಿರಿ. ಗೋಡೆಯ ಒಳಗೆ ಚಾಪೆ ಹಾಸುವಷ್ಟು ಜಾಗ ಎಷ್ಟು? ಅದಕ್ಕೆ ಕಾರ್ಪೆಟ್ ಏರಿಯಾ ಎನ್ನುತ್ತಾರೆ. ಕಾನೂನು ಕೂಡ ಅದನ್ನೇ ಹೇಳಿ ಮಾರಬೇಕೆನ್ನುತ್ತದೆ.

ಮೂರು, ನೆಲ. ಉಬ್ಬರದ ಗೆರೆಯಿಂದ ಎಷ್ಟು ದೂರ? ಕರಾವಳಿ ವಲಯದ ಅನುಮತಿ ಇದೆಯೇ? ಆ ನೆಲ ಮೊದಲು ಗದ್ದೆಯೋ, ಜವುಗೋ, ಕಾಂಡ್ಲಾ ಕಾಡೋ? ಏಜೆಂಟರನ್ನಲ್ಲ, ಆ ದಡದ ಮೀನುಗಾರರ ಅಜ್ಜಿಯಂದಿರನ್ನು ಕೇಳಿ. ನೀರು ಎಲ್ಲಿಯವರೆಗೆ ಬಂದಿತ್ತೆಂದು ಅವರಿಗೆ ಗೊತ್ತು.

ನಾಲ್ಕು, ಚಂದಾ. ತಿಂಗಳ ಖರ್ಚು ಎಷ್ಟು, ದೊಡ್ಡ ರಿಪೇರಿಗೆ ಬೇರೆ ನಿಧಿ ಇಡುತ್ತಾರೆಯೇ? ತಿಂಗಳ ಹಣ ಕಡಿಮೆ ಎಂದು ಹೊಗಳಿದರೆ ಸಂತೋಷಪಡಬೇಡಿ, ಅನುಮಾನಪಡಿ. ಸಾಲದ ಕಂತಿನ ಮೇಲೆ ಈ ಚಂದಾ, ಲಿಫ್ಟು ನೀರಿನ ಖರ್ಚು, ತೆರಿಗೆ ಎಲ್ಲ ಕೂಡಿಸಿ. ಮಳೆಗಾಲದಲ್ಲಿ ಪ್ರವಾಸಿಗಳು ಬಾರದ ತಿಂಗಳುಗಳನ್ನು ಬಾಡಿಗೆಯಿಂದ ಕಳೆಯಿರಿ. ನೀರಿನ ತೂಕ ಅಂದರೆ ಅದೇ.

ಐದು, ನಮ್ಮ ವಯಸ್ಸು. ಮೊಣಕಾಲು ನೋವಿನ ತಂದೆತಾಯಿ ಹದಿನಾಲ್ಕನೆಯ ಮಾಳಿಗೆಯಲ್ಲಿರುವಾಗ ಕರೆಂಟು ಹೋಗಿ ಲಿಫ್ಟು ನಿಂತರೆ ಏನು ಗತಿ? ಮಾತಾಡಲು ನೆರೆಮನೆ ಉಂಟೇ? ಅತ್ತಿಗೆ ಇನ್ನೊಂದನ್ನೂ ಕೇಳಿದ್ದರು, ಅಲ್ಲಿ ನಾಲ್ಕು ಕೋಳಿ ಸಾಕಬಹುದೇ ಎಂದು. ಅದೂ ಹುಡುಗಾಟದ ಪ್ರಶ್ನೆಯಲ್ಲ. ಕೋಳಿ, ಸೊಪ್ಪು, ಒಂದು ಕರಿಬೇವಿನ ಗಿಡ ಇವು ನಮ್ಮ ಮುಪ್ಪಿನ ಅರ್ಧ ಸಂಬಳ.

ನಾನು ಅಣ್ಣನಿಗೆ ನನ್ನ ಅಭಿಪ್ರಾಯವನ್ನು ಮುಚ್ಚಿಡದೆ ಹೇಳಿದೆ. ಮಗನ ಹೆಸರಲ್ಲಿ, ಮಗನ ದುಡಿಮೆಯಲ್ಲಿ, ಸರಿಯಾಗಿ ತೂಗಿ ಕೊಳ್ಳುವುದಾದರೆ ಅದು ಅವನ ಇಷ್ಟ. ಆದರೆ ಮೂವತ್ತಾರು ವರ್ಷದ ಬೆವರಿನ ಹಣವನ್ನು ಚಿತ್ರದಲ್ಲಿರುವ ಮನೆಗೆ ಕೊಡಬೇಡಿ. ತಲೆಯ ಮೇಲೆ ಒಂದು ಮಾಡು ಆಗುವವರೆಗೆ ಆ ಹಣಕ್ಕೆ ಬೇರೆ ಕೆಲಸವಿಲ್ಲ. ದಾಖಲೆ ಸರಿಯಿರುವ, ಇಳಿಜಾರಿನಲ್ಲಿಲ್ಲದ ನಾಲ್ಕೈದು ಸೆಂಟು ಜಾಗ ನೋಡಿ. ಅದು ಸಿಗುವವರೆಗೆ ಅಂಚೆ ಕಚೇರಿಯಲ್ಲೋ ಸರಕಾರಿ ಬ್ಯಾಂಕಿನಲ್ಲೋ ಭದ್ರವಾಗಿಡಿ.

ಅಣ್ಣ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆರು ತಿಂಗಳಲ್ಲಿ ಮನೆ ಬಿಡಬೇಕಲ್ಲ, ಅದಕ್ಕೇ ಕಣ್ಣಿಗೆ ಕಂಡದ್ದನ್ನು ಹಿಡಿಯಲು ಹೋದೆ" ಎಂದರು. ಆ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ಅವರು ಸಮುದ್ರದ ಮನೆಯನ್ನು ನೋಡಿದ್ದು ಆಸೆಯಿಂದಲ್ಲ, ಹೆದರಿಕೆಯಿಂದ. ಜೀವಮಾನವೆಲ್ಲ ತೋಟಕ್ಕೆ ದುಡಿದವನಿಗೆ ಮುಪ್ಪಿನಲ್ಲಿ ಒಂದು ತುಂಡು ನೆಲ ಇಲ್ಲದಿರುವುದರಿಂದಲೇ ಇಂಥ ಪುಸ್ತಿಕೆಗಳು ನಮ್ಮ ಬಾಗಿಲಿಗೆ ಬರುತ್ತವೆ. ರಿಟೈರಾದವರಿಗೆ ಮನೆ ನಿವೇಶನ ಬೇಕೆಂಬ ನಮ್ಮ ಬೇಡಿಕೆಯನ್ನು ಕಾಗದದಲ್ಲಿ ಬರೆದು ಇಟ್ಟರೆ ಸಾಲದು. ಮುಂದಿನ ಮಾತುಕತೆಯಲ್ಲಿ ಅದನ್ನು ಮೊದಲ ಸಾಲಿನಲ್ಲಿ ಇಡಬೇಕೆಂದು ಈ ಕೂಟದ ಮುಂದೆ ಕೇಳಿಕೊಳ್ಳುತ್ತೇನೆ. ಲೈನು ಬಿಡಲು ಗಡುವು ಬಂದಿರುವ ಮನೆಗಳ ಹೆಸರನ್ನು ಇಂದೇ ಬರೆದುಕೊಡಿ.

ಮಗನಿಗೆ ಅಣ್ಣ ಫೋನು ಮಾಡಿ ಆ ಐದು ಪ್ರಶ್ನೆಗಳನ್ನು ಓದಿ ಹೇಳಿದರು. ಹುಡುಗ ಹೋಗಿ ನೋಂದಣಿ ಸಂಖ್ಯೆ ಕೇಳಿದ್ದಾನೆ. ಬರುತ್ತದೆ, ಮೊದಲು ಹಣ ಕಟ್ಟಿ ಎಂಬ ಉತ್ತರ ಸಿಕ್ಕಿದೆ. ಹಣ ಇನ್ನೂ ಬ್ಯಾಂಕಿನಲ್ಲೇ ಇದೆ. ಬರುವ ಬುಧವಾರ ನಾವಿಬ್ಬರೂ ಒಂದು ಐದು ಸೆಂಟು ಜಾಗ ನೋಡಲು ಹೋಗುತ್ತಿದ್ದೇವೆ. ದಾಖಲೆ ಓದಲು ಬಲ್ಲವರು ಯಾರಾದರೂ ಜೊತೆಗೆ ಬಂದರೆ ಉಪಕಾರ. ಅತ್ತಿಗೆಯೂ ಬರುತ್ತಾರೆ, ನೆಲ ನೋಡಲು ನಮ್ಮಿಬ್ಬರಿಗಿಂತ ಅವರೇ ಜಾಣರು.

ಇನ್ನು ಒಂದೇ ಮಾತು. ಈ ಕೂಟದ ಕೋಣೆಯ ಬಲಗಡೆಯ ಮೂಲೆಯನ್ನು ಎಲ್ಲರೂ ತಲೆಯೆತ್ತಿ ನೋಡಿ. ತೇವ ಕಾಣುತ್ತದಲ್ಲವೇ? ಮಳೆಗಾಲಕ್ಕೆ ಮೊದಲು ಅದನ್ನು ಸರಿಮಾಡಬೇಕು. ಚಂದಾ ಪುಸ್ತಕ ಬಾಗಿಲ ಬಳಿ ಇಟ್ಟಿದೆ. ಹೋಗುವಾಗ ನಿಮ್ಮ ಕೈಲಾದಷ್ಟು ಬರೆದು ಹೋಗಿ. ದೇವರು ನಮಗೆ ಲೆಕ್ಕ ಹಾಕುವ ವಿವೇಕವನ್ನೂ, ಒಬ್ಬರ ಮಾಡನ್ನು ಒಬ್ಬರು ಹಿಡಿದು ನಿಲ್ಲುವ ಮನಸ್ಸನ್ನೂ ಕೊಡಲಿ.